ಬೆಳ್ಳಟ್ಟಿ ದಾರಿಯ ಮೋಡ

ಫೋಟೋ ಸ್ಪರ್ಧೆಯ ಫಲಿತಾಂಶ ಎಂದರೆ ನನಗೆ ಇವತ್ತಿಗೂ ತಲೆ ಕೆಡುತ್ತದೆ. ಪೇಪರಿನಲ್ಲಿ ಬಹುಮಾನ ಬಂದ ಚಿತ್ರಗಳನ್ನು ಸಾಲಾಗಿ ಹಾಕಿರುತ್ತಾರೆ. ಒಂದು ಮಂಜು ಮುಸುಕಿದಂತೆ, ಒಂದು ಇದ್ದಿಲಿನ ಹಾಗೆ ಕಪ್ಪು, ಇನ್ನೊಂದು ಇದ್ದದ್ದು ಇದ್ದ ಹಾಗೆ. ಕೆಳಗೆ ತೀರ್ಪುಗಾರರ ಮಾತು ಇರುತ್ತದೆ, ಶೈಲಿಯಲ್ಲಿ ಎಂಥ ವೈವಿಧ್ಯ ಎಂದು. ಈ ಮುದುಕನಿಗೆ ಖುಷಿಯಾಗಲಿ ಎಂದು ಮೊಮ್ಮಕ್ಕಳು ಅದನ್ನು ತಂದು ತೋರಿಸುತ್ತಾರೆ. ನಾನು ಮೊದಲು ನೋಡುವುದು ಆಕಾಶವನ್ನು. ಆಮೇಲೆ ಪೇಪರು ಮಡಚಿ ಕೊಟ್ಟುಬಿಡುತ್ತೇನೆ. ಯಾಕೆ ಎಂದು ಅವರಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಗದುಗಿನ ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮ್ಯಾಟ್ರಿಕ್ ಆದ ಮೇಲೆ ಮುಂದೆ ಓದುವ ಮನಸ್ಸಿಲ್ಲದೆ ಊರಿನ ಒಬ್ಬ ಹಿರಿಯ ಫೋಟೋಗ್ರಾಫರರ ಕೈಕೆಳಗೆ ಡಾರ್ಕ್‌ರೂಮಿನ ಕೆಲಸ ಕಲಿತೆ. ಎಪ್ಪತ್ತರ ದಶಕದ ನಡುವೆ ಹುಬ್ಬಳ್ಳಿಯಿಂದ ಚಿತ್ರ ಹಿಗ್ಗಿಸುವ ಹಳೆಯದೊಂದು ದೊಡ್ಡ ಎನ್‌ಲಾರ್ಜರ್ ತಂದೆ. ಸುತ್ತಲಿನ ಊರುಗಳಲ್ಲಿ ಅಷ್ಟು ದೊಡ್ಡದು ಯಾರ ಹತ್ತಿರವೂ ಇರಲಿಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಫೋಟೋಗ್ರಾಫರರು ಪಾಸ್‌ಪೋರ್ಟ್ ಸೈಜು, ಪೋಸ್ಟ್‌ಕಾರ್ಡ್ ಸೈಜು ತಮ್ಮಲ್ಲೇ ತೆಗೆಯುತ್ತಿದ್ದರು. ಗೋಡೆಗೆ ಹಾಕುವಂಥದ್ದು ಬೇಕಾದರೆ ನೆಗೆಟಿವ್ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿ ನನ್ನಲ್ಲಿಗೆ ಬರುತ್ತಿದ್ದರು.

ನಮ್ಮ ಸೀಮೆಯ ಬಿಸಿಲಿಗೆ ಆಕಾಶ ಫೋಟೋದಲ್ಲಿ ಬಿಳಿ ಹಾಳೆಯಾಗಿ ಬರುತ್ತಿತ್ತು. ಹೊಲ ಚೆಂದ, ಗುಡಿ ಚೆಂದ, ಮೇಲೆ ಮಾತ್ರ ಏನೂ ಇಲ್ಲ. ಗಿರಾಕಿಗಳಿಗೆ ಅದು ಅರ್ಧ ಕೆಲಸ ಮಾಡಿಕೊಟ್ಟಂತೆ ಕಾಣುತ್ತಿತ್ತು. "ಒಂದೀಟ ಮೋಡ ಹಾಕಿ ಕೊಡ್ರಿ" ಎನ್ನುತ್ತಿದ್ದರು, ಖಾನಾವಳಿಯಲ್ಲಿ ಇನ್ನೊಂದು ಚೂರು ಚಟ್ನಿ ಕೇಳುವ ಹಾಗೆ. ನಾವೂ ಹಾಕಿ ಕೊಡುತ್ತಿದ್ದೆವು. ಒಂದು ನೆಗೆಟಿವ್‌ನಿಂದ ಕೆಳಗಿನ ನೆಲವನ್ನು ಕಾಗದದ ಮೇಲೆ ಬೀಳಿಸುವಾಗ ಮೇಲ್ಭಾಗಕ್ಕೆ ರಟ್ಟು ಅಡ್ಡ ಹಿಡಿಯುವುದು. ಆಮೇಲೆ ಮೋಡದ ನೆಗೆಟಿವ್ ಇಟ್ಟು, ನೆಲಕ್ಕೆ ರಟ್ಟು ಹಿಡಿದು, ಆಕಾಶವನ್ನು ಬೀಳಿಸುವುದು. ರಟ್ಟನ್ನು ಸುಮ್ಮನೆ ಹಿಡಿಯದೆ ಸ್ವಲ್ಪ ಅಲ್ಲಾಡಿಸುತ್ತಿದ್ದರೆ ಎರಡು ಕೂಡಿದ ಗೆರೆ ಕಾಣುತ್ತಿರಲಿಲ್ಲ. ಎಲ್ಲ ಸ್ಟುಡಿಯೋದಲ್ಲೂ ಇಂಥ ಮೋಡದ ನೆಗೆಟಿವ್ ಒಂದಾದರೂ ಇರುತ್ತಿತ್ತು. ಇದರಲ್ಲಿ ಮೋಸ ಇದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ನಾಲ್ಕೂ ಊರಿನ ಫೋಟೋಗ್ರಾಫರರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಸಭೆ ಎಂದರೆ ಒಬ್ಬರ ಮೇಲೊಬ್ಬರು ದೂರುವುದು, ಚಹಾ ಕುಡಿಯುವುದು, ಮತ್ತೆ ದೂರುವುದು. ಅಂಥ ಒಂದು ಸಭೆಯಲ್ಲಿ ಯಾರಿಗೋ ಸ್ಪರ್ಧೆ ಇಡುವ ಹುಕಿ ಬಂತು. ತೀರ್ಪುಗಾರರು ಮೂವರು. ಗದುಗಿನ ಒಬ್ಬ ಡ್ರಾಯಿಂಗ್ ಮಾಸ್ತರರು, ಕಪ್ ಕೊಡುತ್ತೇನೆಂದ ಒಬ್ಬ ಹತ್ತಿ ವ್ಯಾಪಾರಿ, ಹುಬ್ಬಳ್ಳಿಯಿಂದ ಪೇಪರಿಗೆ ಫೋಟೋ ತೆಗೆಯುವ ಒಬ್ಬರು. ಈ ಹುಬ್ಬಳ್ಳಿಯವರು ಒಂದು ನಿಯಮ ಹಾಕಿದರು. ಒಂದು ಚಿತ್ರ ಒಂದೇ ನೆಗೆಟಿವ್‌ನಿಂದ ಬಂದಿರಬೇಕು, ಜೋಡಿಸಿದ ಚಿತ್ರ ನಡೆಯುವುದಿಲ್ಲ. ಎಲ್ಲರೂ ಗೋಣು ಹಾಕಿದೆವು. ನಮ್ಮಲ್ಲಿ ಗೋಣು ಹಾಕುವುದೆಂದರೆ ಚಹಾ ಬಂತು ಎಂದು ಅರ್ಥ.

ಲಕ್ಷ್ಮೇಶ್ವರದಲ್ಲಿ ನನ್ನ ಗೆಳೆಯನಿದ್ದ. ನಾವಿಬ್ಬರೂ ಒಬ್ಬರ ಹತ್ತಿರವೇ ಕೆಲಸ ಕಲಿತವರು. ಅವನ ಮನೆಯವರದು ಪೇಟೆಯಲ್ಲಿ ಹಳೆಯ ಬಳೆ ಅಂಗಡಿ. ಅಣ್ಣ ಗಲ್ಲೆಯ ಮೇಲೆ ಕೂರುತ್ತಿದ್ದ, ಇವನು ಅಂಗಡಿಯ ಬಾಜೂಕಿನ ಕೋಣೆಯಲ್ಲಿ ಸ್ಟುಡಿಯೋ ಇಟ್ಟಿದ್ದ. ಅಣ್ಣನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. "ಕರ್ರಗ ಇದ್ದವರನ್ನ ಬೆಳ್ಳಗ ಮಾಡಿ ಕೊಡೂದು, ಇದೂ ಒಂದ ಧಂದೆನಾ? ಬಳಿ ತೊಡಸು ಬಾ" ಎನ್ನುತ್ತಿದ್ದ. ಗೆಳೆಯ ಸ್ಪರ್ಧೆಯ ನೆಗೆಟಿವ್ ಕೊಡಲು ಬಂದ ದಿನ ಬಾಗಿಲು ಮುಂದಕ್ಕೆ ಮಾಡಿ ನನಗೊಂದು ವಿಷಯ ಹೇಳಿದ.

"ಹುಬ್ಬಳ್ಳಿಯವರು ನನ್ನ ಫೋಟೋ ನೋಡ್ಯಾರ. ಅವರ ಪೇಪರಿಗೆ ಇನ್ನೊಬ್ಬಾವ ಬೇಕಾಗ್ಯಾನಂತ. ಇದರಾಗ ಒಂದ ಬಹುಮಾನ ತಗೋ, ಪೇಪರಿನ ಸಾಹೇಬರ ಮುಂದ ನಿನ್ನ ಹೆಸರ ಹೇಳಾಕ ನನಗೂ ಒಂದ ಆಧಾರ ಆಗತೈತಿ ಅಂದ್ರು."

"ಅಣ್ಣಗ ಹೇಳಿಯೇನು?"

"ಆದ ಮ್ಯಾಲೆ ಹೇಳ್ತೀನಿ. ಈಗ ಹೇಳಿದ್ರ ಅಂಗಡಿ ತುಂಬ ನಗಸ್ತಾನ."

ಅವನು ಕೊಟ್ಟ ನೆಗೆಟಿವ್ ಬೆಳ್ಳಟ್ಟಿಯ ದಾರಿಯಲ್ಲಿ ತೆಗೆದದ್ದು. ಮುಂಗಾರಿನ ಮೊದಲ ಮಳೆ ಬಿದ್ದು ಹೊಳವಾದ ಮೇಲೆ ಕಪ್ಪು ಎರೆ ಹೊಲದಲ್ಲಿ ಕೂರಿಗೆ ಹೂಡಿ ಬಿತ್ತುತ್ತಿದ್ದರು. ಕೂರಿಗೆಯ ಹಿಂದೆ ಸೆರಗು ಕಟ್ಟಿಕೊಂಡು ಬೀಜ ಬಿಡುವ ಹೆಂಗಸು. ಅವಳ ಮೇಲೆ ಒಂದು ದೊಡ್ಡ ಮೋಡ, ಅಂಚಿಗೆಲ್ಲ ಬೆಳಕು ಹತ್ತಿದ್ದು, ಹೊಟ್ಟೆಯಲ್ಲಿ ಇನ್ನೂ ಮಳೆ ಇದ್ದದ್ದು. ಸೈಕಲ್ ಮೇಲೆ ಹೋಗಿ, ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ, ಮೋಡ ಅವಳ ಮೇಲೆ ಬರುವವರೆಗೆ ಬದುವಿನ ಮೇಲೆ ಕುಳಿತಿದ್ದನಂತೆ. ದೊಡ್ಡ ಪ್ರಿಂಟ್ ಹಾಕಿ ಔಷಧದ ತಟ್ಟೆಯಲ್ಲಿ ಬಿಟ್ಟಾಗ ನೆಲ ಮೂಡಿದ ಬೆನ್ನಿಗೇ ಆ ಮೋಡ ಎದ್ದು ಬಂತು. ನನಗೆ ಸಂತೋಷವಾಗಲಿಲ್ಲ. ಸಿಟ್ಟು ಬಂತು. ನಾನೂ ಅವನೂ ಒಂದೇ ಕಡೆ ಕಲಿತವರು, ಅವನಿಗೆ ಮಾತ್ರ ಇಂಥ ಆಕಾಶ ಯಾಕೆ ಸಿಗಬೇಕು ಎನ್ನಿಸಿತು. ಅವನು ಕಾದು ಕುಳಿತಿದ್ದ, ನಾನು ಕುಳಿತಿರಲಿಲ್ಲ ಎಂಬ ಸಣ್ಣ ವಿಚಾರ ಆಗ ಹೊಳೆಯಲಿಲ್ಲ.

ಕೊನೆಯ ದಿನ ಹತ್ತಿರ ಬಂದಾಗ ಎಲ್ಲರೂ ಒಮ್ಮೆಲೇ ಬಂದು ಮೈಮೇಲೆ ಬಿದ್ದರು. ಬೆಂಚಿನ ಮೇಲೆ ಕುಳಿತು ಜಲ್ದಿ ಮಾಡು, ಜಲ್ದಿ ಮಾಡು ಎಂದು ಬಾಗಿಲು ಬಡಿಯುವುದು. ಮುಂಡರಗಿಯವನೊಬ್ಬ ಕಪ್ಪತಗುಡ್ಡದ ಕಡೆ ಹೊರಟ ಕುರಿ ಹಿಂಡಿನ ನೆಗೆಟಿವ್ ತಂದ. ಲೆನ್ಸಿಗೆ ತೆಳು ಬಟ್ಟೆ ಕಟ್ಟಿ ಎಲ್ಲ ಮೆತ್ತಗೆ, ಕನಸಿನ ಹಾಗೆ ಮಾಡಿದ್ದ. ಆಕಾಶ ಮಾತ್ರ ಬಿಳಿ ಹಾಳೆ.

"ಮ್ಯಾಲೆ ಬೋಳ ಬೋಳ ಕಾಣಸ್ತೈತಿ. ಒಂದೀಟ ಮೋಡ ಹಾಕಿ ಕೊಡು" ಎಂದ.

"ನಿಯಮ ಓದಿಯೇನು?"

"ಓದೀನಿ. ಜೋಡಸಬ್ಯಾಡ ಅಂದಾರ. ಮೋಡ ಹಾಕಬ್ಯಾಡ ಅಂತ ಎಲ್ಲಿ ಅಂದಾರ?"

"ಮೋಡ ಹಾಕಿದ್ರ ಜೋಡಿಸಿದಂಗ ಆತಲ್ಲೋ."

"ಅದೆಂಗ ಜೋಡಿಸಿದಂಗ ಆತು? ಎತ್ತ ಇಲ್ಲದಲ್ಲಿ ಎತ್ತ ತಂದ ಇಟ್ರ ಜೋಡಿಸಿದಂಗ. ಮೋಡ ಆಕಾಶದಾಗ ಇರೂದ ಅಲ್ಲೇನು? ಇವತ್ತ ಇರಲಿಲ್ಲ, ನಾಳೆ ಬರತೈತಿ."

ಅವನ ಜೊತೆ ವಾದ ಮಾಡಿ ಗೆದ್ದವರು ಮುಂಡರಗಿಯಲ್ಲೇ ಇರಲಿಲ್ಲ. ನನ್ನ ಹಳೆಯ ಮೋಡದ ನೆಗೆಟಿವ್ ಗೀರು ಬಿದ್ದು ಹಾಳಾಗಿತ್ತು. ಗೆಳೆಯನ ನೆಗೆಟಿವ್ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡೆ. ಹೊಲ ಮುಚ್ಚಿ ಮೋಡವನ್ನಷ್ಟೇ ಕುರಿಗಳ ಮೇಲೆ ಇಳಿಸಿದೆ. ಚೆಂದ ಬಂತು. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನದೂ ಒಂದು ಚಿತ್ರವಿತ್ತು, ಮುಳಗುಂದದ ಹಳೆಯ ಬಸದಿಯ ಕಂಬಗಳು. ನೆಲದ ಮೇಲೆ ಮಲಗಿ ಕೆಳಗಿನಿಂದ ತೆಗೆದದ್ದು, ಅಪ್ಪಟ ಕಪ್ಪು, ಅಪ್ಪಟ ಬಿಳಿ. ಅದಕ್ಕೂ ಆಕಾಶ ಇರಲಿಲ್ಲ. ಅದೇ ಮೋಡವನ್ನು ಗುರುತು ಹತ್ತಬಾರದೆಂದು ನೆಗೆಟಿವ್ ತಿರುವಿ ಹಾಕಿ, ಎಡದ್ದು ಬಲಕ್ಕೆ ಮಾಡಿ ಇಳಿಸಿಕೊಂಡೆ. ತಿರುವಿ ಹಾಕುವಷ್ಟು ಬುದ್ಧಿ ಇದ್ದವನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ ಎಂದು ಈಗ ಹೇಳಲಾರೆ.

ಫಲಿತಾಂಶದ ದಿನ ಬೆಟಗೇರಿಯ ಒಂದು ಸಭಾಭವನದಲ್ಲಿ ಚಿತ್ರಗಳನ್ನೆಲ್ಲ ದಾರಕ್ಕೆ ತೂಗುಹಾಕಿದ್ದರು. ಮೂವರು ತೀರ್ಪುಗಾರರಿಗೂ ಒಂದು ಮಾತು ಕೂಡಿರಲಿಲ್ಲ. ಹತ್ತಿ ವ್ಯಾಪಾರಿಗೆ ಕುರಿ ಬೇಕು, ಡ್ರಾಯಿಂಗ್ ಮಾಸ್ತರರಿಗೆ ಕಂಬ ಬೇಕು, ಹುಬ್ಬಳ್ಳಿಯವರಿಗೆ ಬಿತ್ತನೆ ಬೇಕು. ಕೊನೆಗೆ ಕಪ್ ಕೊಡುವವನ ಮಾತು ಮೊದಲು, ಊರ ಮಾಸ್ತರರದು ಎರಡನೆಯದು, ಪರವೂರಿನವರದು ಮೂರನೆಯದು ಎಂದಾಯಿತು. ಹೀಗೆ ಮುಂಡರಗಿಯವನಿಗೆ ಮೊದಲ ಬಹುಮಾನ, ನನಗೆ ಎರಡನೆಯದು, ಗೆಳೆಯನಿಗೆ ಮೂರನೆಯದು. ಮಗ್ಗದ ಮನೆಯೊಳಗೆ ಕಿಟಕಿಯ ಬೆಳಕಿನಲ್ಲಿ ಕುಳಿತ ನೇಕಾರನ ಒಂದು ಚಿತ್ರಕ್ಕೆ ಸಮಾಧಾನಕರ ಬಹುಮಾನ ಬಂತು. ಅದರಲ್ಲಿ ಆಕಾಶವೇ ಇರಲಿಲ್ಲ. ಆ ಚಿತ್ರ ತೆಗೆದವನನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಮಾಸ್ತರರು ಎದ್ದು ನಿಂತು ಭಾಷಣ ಮಾಡಿದರು. "ಒಂದು ಕನಸು, ಒಂದು ಶಿಲ್ಪ, ಒಂದು ನಿಜಜೀವನ. ಒಂದರಂತೆ ಇನ್ನೊಂದಿಲ್ಲ. ನಮ್ಮ ಭಾಗದ ಕಲಾವಿದರು ಯಾರೂ ಯಾರನ್ನೂ ಅನುಕರಿಸಿಲ್ಲ ಎಂಬುದು ಹೆಮ್ಮೆಯ ವಿಷಯ" ಎಂದರು. ಅವರ ಬೆನ್ನ ಹಿಂದೆ ಮೂರು ಚಿತ್ರಗಳ ಮೇಲೂ ಬೆಳ್ಳಟ್ಟಿ ದಾರಿಯ ಮೋಡ ತೂಗಾಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ವ್ಯಾಪಾರಿ, "ಕುರಿ ಭಾಳ ಚಲೋ ಬಂದಾವು, ಒಂದೂ ಬಡಕ ಇಲ್ಲ" ಎಂದು ಕಪ್ ಕೊಡಲು ಎದ್ದರು.

ಆಗ ಶಿರಹಟ್ಟಿಯ ಒಬ್ಬ ಫೋಟೋಗ್ರಾಫರ ಎದ್ದು ನಿಂತ. ಅವನು ಮದುಮಗಳೊಬ್ಬಳ ಭಾವಚಿತ್ರಕ್ಕೆ ಕೈಯಿಂದ ಗುಲಾಬಿ ಗಲ್ಲ, ಹಸಿರು ಸೀರೆ ಬಳಿದು ಕಳಿಸಿದ್ದ, ಏನೂ ಬಂದಿರಲಿಲ್ಲ. ಆಗಿನಿಂದ ನೆಗೆಟಿವ್ ತಿದ್ದುವ ಭೂತಗನ್ನಡಿ ಹಿಡಿದುಕೊಂಡು ಗೆದ್ದವರ ತಪ್ಪು ಹುಡುಕುತ್ತ ಸುತ್ತುತ್ತಿದ್ದ.

"ಒಂದರಂಗ ಇನ್ನೊಂದಿಲ್ಲ ಅಂತೀರಿ, ಇಲ್ಲಿ ನೋಡ ಬರ್ರಿ ಮಾಸ್ತರ. ಕುರಿ ಮ್ಯಾಲಿನ ಮೋಡಕ್ಕೂ ಕೂರಿಗಿ ಮ್ಯಾಲಿನ ಮೋಡಕ್ಕೂ ಒಂದ ಮೂಗು, ಒಂದ ಗದ್ದ. ಮುಂಡರಗಿ ಮೋಡ ಬೆಳ್ಳಟ್ಟಿಗೆ ಬಂತೋ, ಬೆಳ್ಳಟ್ಟಿದು ಮುಂಡರಗಿಗೆ ಹೋತೋ?"

ಎಲ್ಲರೂ ಹೋಗಿ ನೋಡಿದರು. ಹೌದು. ತಿರುವಿ ಹಾಕಿದ ನನ್ನದರ ಕಡೆ ಯಾರೂ ನೋಡಲಿಲ್ಲ. ಮುಂಡರಗಿಯವನು ಜನರ ಹಿಂದೆ ಸರಿದ. ಗೆಳೆಯ ಮಾತ್ರ ನಗುತ್ತಲೇ ಇದ್ದ. ಅವನಿಗೆ ಅದರಲ್ಲಿ ಹೆದರುವಂಥದ್ದೇನೂ ಕಂಡಿರಲಿಲ್ಲ.

"ಮೋಡ ನಂದು. ಅವರದರಾಗ ಹೆಂಗ ಬಂತು ಅವರನ್ನ ಕೇಳ್ರಿ. ಇಲ್ಲಾ, ಎರಡೂ ಪ್ರಿಂಟ್ ಮಾಡಿದಾವ ಇಲ್ಲೇ ನಿಂತಾನಲ್ಲ, ಅವನ್ನ ಕೇಳ್ರಿ" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟ.

ಹುಬ್ಬಳ್ಳಿಯವರು ನನ್ನ ಕಡೆ ತಿರುಗಿದರು. "ಯಾವುದು ಖರೆ, ಹೇಳ್ರಿ."

ಖರೆ ಹೇಳಿದ್ದರೆ ಒಬ್ಬರು ನಂಬಿ ಕೊಟ್ಟ ನೆಗೆಟಿವ್‌ನಿಂದ ಇನ್ನೊಬ್ಬರಿಗೆ ಕದ್ದು ಕೊಟ್ಟೆ ಎಂದಾಗುತ್ತಿತ್ತು. ಆಮೇಲೆ ಯಾರು ನನ್ನಲ್ಲಿಗೆ ನೆಗೆಟಿವ್ ತರುತ್ತಿದ್ದರು? ಭೂತಗನ್ನಡಿ ಆಗ ನನ್ನ ಕಂಬಗಳ ಕಡೆಗೂ ಬರುತ್ತಿತ್ತು. ನಾನು ಹೇಳಿದ್ದು ಇದು: "ಗದ್ದಲದಾಗ ನೆನಪಿಲ್ರಿ. ಎರಡಕ್ಕೂ ಮೋಡ ಹಾಕಿ ಕೊಟ್ಟಿರಬೇಕು."

ಹೆಗಲ ಮೇಲಿನ ಕೈ ಹಾಗೇ ಇತ್ತು. "ಏ, ಚ್ಯಾಷ್ಟಿ ಸಾಕು. ನನ್ನ ನೆಗೆಟಿವ್ ನಿನ್ನ ಹಂತ್ಯಾಕ ಐತಿ, ತಂದ ತೋರಸು."

"ತಿರುಗಿ ಕೊಟ್ಟೀನಲ್ಲ ನಿನಗ" ಎಂದೆ.

ಆಗ ಕೈ ತೆಗೆದ.

ಎರಡೂ ಜೋಡಿಸಿದವೇ ಎಂದಾಗಿ ಆ ಎರಡೂ ಚಿತ್ರಗಳನ್ನು ದಾರದಿಂದ ಬಿಚ್ಚಿದರು. ಹುಬ್ಬಳ್ಳಿಯವರು ಗೆಳೆಯನಿಗೆ ಮೆಲ್ಲಗೆ, "ಪೇಪರಿಗೆ ಆಗಿದ್ದನ್ನ ಆದಂಗ ತಗಿಯಾವ ಬೇಕಪಾ" ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ವ್ಯಾಪಾರಿಗೆ ತಂದ ಕಪ್ ಯಾರಿಗಾದರೂ ಕೊಟ್ಟು ಮುಗಿಸುವ ಅವಸರ. ಎರಡನೆಯದು ಮೊದಲನೆಯದಾಯಿತು. ಕಪ್ ನನ್ನ ಕೈಗೆ ಬಂತು. ಮಾಸ್ತರರು ನನ್ನ ಆಕಾಶವನ್ನು ಹೊಗಳಿದರು.

ಇದಕ್ಕಿಂತ ಕೆಟ್ಟದ್ದು ಮುಂದಿನ ವಾರ ನಡೆಯಿತು. ಗೆಳೆಯ ಸ್ಟುಡಿಯೋಕ್ಕೆ ಬಂದ. ಜಗಳಕ್ಕೆ ಬಂದಿರಲಿಲ್ಲ. ನನಗೆ ನಿಜವಾಗಿ ಮರೆತಿರಬೇಕೆಂದು ನಂಬಿ ಬಂದಿದ್ದ. ಹುಬ್ಬಳ್ಳಿಗೆ ಹೋಗಿ ಅವರನ್ನು ಕಂಡಿದ್ದನಂತೆ. ಹೊಲ, ಮೋಡ ಎರಡೂ ಒಂದರಲ್ಲೇ ಇರುವ ನೆಗೆಟಿವ್ ತಂದರೆ ನೋಡೋಣ ಎಂದಿದ್ದರಂತೆ. "ಒಮ್ಮೆ ಹುಡುಕು, ದೋಸ್ತ. ಎಲ್ಲೋ ಬಿದ್ದಿರತೈತಿ" ಎಂದ. ಒಮ್ಮೆ ಕೊಟ್ಟೆನೆಂದವನು ಈಗ ತೆಗೆದುಕೊಟ್ಟರೆ ಸುಳ್ಳು ಹೇಳಿದ್ದು ಬಯಲಾಗುತ್ತದೆ ಎಂದು ನನ್ನ ಚಿಂತೆ. ಅವನಿಗೆ ಚಹಾ ತರಿಸಿದೆ. ಅವನ ಎದುರಿಗೇ ಒಂದೊಂದು ಖಾನೆ ಎಳೆದು, ಪಾಕೀಟು ಬಿಡಿಸಿ, ಬೆಳಕಿಗೆ ಹಿಡಿದು ಹುಡುಕಿದೆ. ಅವನೂ ಎದ್ದು ಬಂದು ನನ್ನ ಜೊತೆ ಹುಡುಕಿದ. ನೆಗೆಟಿವ್ ನನ್ನ ಅಂಗಿಯ ಕಿಸೆಯಲ್ಲಿತ್ತು. ಅವನು ಬರುವುದನ್ನು ರಸ್ತೆಯಲ್ಲಿ ಕಂಡು ಮೇಜಿನಿಂದ ಎತ್ತಿ ಇಟ್ಟುಕೊಂಡಿದ್ದೆ.

ಅವನು ಪೇಪರಿನ ಕೆಲಸಕ್ಕೆ ಹೋಗಲಿಲ್ಲ. ಅಣ್ಣನಿಗೆ ವಿಷಯ ಬೇರೆಯವರಿಂದ ಗೊತ್ತಾಯಿತು. ಅವನು ತಮ್ಮನಿಗೆ ಮೋಡದ ಸಾಹೇಬ ಎಂದು ಹೆಸರಿಟ್ಟ, ಪೇಟೆಯವರು ಅದನ್ನೇ ಹಿಡಿದರು. ಮದುವೆಯಲ್ಲಿ ಫೋಟೋಕ್ಕೆ ನಿಂತ ಬೀಗರು ಕೂಡ, "ಸಾಹೇಬರ, ನಮ್ಮ ಮ್ಯಾಲೂ ಒಂದ ಮೋಡ ಇರಲಿ" ಎನ್ನುತ್ತಿದ್ದರು ಎಂದು ಕೇಳಿದ್ದೆ. ಅವನು ಮತ್ತೆ ಯಾವ ಸ್ಪರ್ಧೆಗೂ ಚಿತ್ರ ಕಳಿಸಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಎಲ್ಲ ಕಲರ್ ಆಯಿತು. ರೋಲುಗಳು ಹುಬ್ಬಳ್ಳಿಯ ಲ್ಯಾಬಿಗೆ ಹೋಗತೊಡಗಿದವು. ನಾನು ಡಾರ್ಕ್‌ರೂಮು ಖಾಲಿ ಮಾಡುವುದೆಂದು ಮಾಡಿದೆ. ಆ ನೆಗೆಟಿವ್ ಅಷ್ಟು ದಿನವೂ ಫೋಟೋ ಕಾಗದದ ಹಳದಿ ಡಬ್ಬಿಯ ತಳದಲ್ಲಿತ್ತು. ಸುಡಬೇಕೆಂದು ಎಷ್ಟೋ ಸಲ ತೆಗೆದಿದ್ದೆ. ಚಿತ್ರ ಚೆನ್ನಾಗಿದೆ ಎಂದು ಸುಡಲಾಗಿರಲಿಲ್ಲ. ಅದನ್ನೂ ಸ್ಪರ್ಧೆಯಲ್ಲಿ ಬಂದ ಕಪ್ಪನ್ನೂ ಚೀಲದಲ್ಲಿ ಹಾಕಿಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಗೆಳೆಯ ಸ್ಟುಡಿಯೋದಲ್ಲಿ ಒಬ್ಬ ಮುದುಕನ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಮುಗಿಸಿ ಬಂದು ನೆಗೆಟಿವ್ ಹಿಡಿದು ನೋಡಿದ. ನಾನು ನಡೆದದ್ದನ್ನೆಲ್ಲ ಹೇಳಿದೆ, ಕಿಸೆಯದ್ದೂ ಹೇಳಿದೆ.

"ಹುಡಿಕಿದ್ವಿ ನೋಡು ಅವತ್ತ, ಇಬ್ಬರೂ ಕೂಡಿ" ಎಂದ. "ನನ್ನ ಕೈ ಎಲ್ಲಾ ಧೂಳಾಗಿತ್ತು. ನೀನ ನೀರ ಹಾಕಿದಿ."

ಕಪ್ಪನ್ನು ಅವನ ಮುಂದೆ ನೆಲದ ಮೇಲಿಟ್ಟೆ. "ಅದು ತಿರುವಿ ಹಾಕಿದ ಮೋಡಕ್ಕ ಬಂದದ್ದು. ನೀನ ಇಟ್ಕೋ" ಎಂದು ಕಾಲಿನಿಂದ ನನ್ನ ಕಡೆ ಸರಿಸಿದ. "ನನ್ನ ಮುಂದ ಹೇಳಿದ್ದು ಸಾಕು. ಭಾಯಿ ಮುಂದ ಹೇಳ ಬಾ."

ಬಳೆ ಅಂಗಡಿಯಲ್ಲಿ ಹೆಂಗಸರು ಕೈ ಚಾಚಿ ಕುಳಿತಿದ್ದರು. ಅಣ್ಣನಿಗೆ ವಯಸ್ಸಾಗಿ ಕಿವಿ ಮಂದವಾಗಿತ್ತು. ನಾನು ಮೆಲ್ಲಗೆ ಶುರು ಮಾಡಿದರೆ, "ಜೋರ ಹೇಳ್ರಿ" ಎಂದ. ಮೋಡ ಕದ್ದದ್ದನ್ನೂ, ಸುಳ್ಳು ಹೇಳಿದ್ದನ್ನೂ, ಹುಡುಕಿದ ನಾಟಕವನ್ನೂ ಅಂಗಡಿ ತುಂಬ ಕೇಳುವ ಹಾಗೆ ಕೂಗಿ ಹೇಳಿದೆ. ಅಣ್ಣ ನೆಗೆಟಿವ್ ಇಸಿದುಕೊಂಡು ಬಿಸಿಲಿಗೆ ಹಿಡಿದ.

"ಇದನ್ನ ಖರೆ ಅಂತೀರೇನು? ಮೋಡ ಕರ್ರಗೈತಿ, ಎರಿಹೊಲ ಬೆಳ್ಳಗೈತಿ, ಆ ಹೆಣ್ಣಮಗಳ ಮಾರಿ ದೆವ್ವ ಕಂಡಂಗ ಕಾಣತೈತಿ."

"ಉಲ್ಟಾ ಇರತೈತ್ರಿ. ಕಾಗದದ ಮ್ಯಾಲೆ ಸುಲ್ಟಾ ಆಗತೈತಿ" ಎಂದೆ.

"ನಿಮ್ಮ ಧಂದೆದಾಗ ಸುಳ್ಳಂತೂ ಸುಳ್ಳ, ಖರೆನೂ ಉಲ್ಟಾನ ಇರತೈತಿ ಅನ್ರಿ."

ಹೆಂಗಸರು ನಕ್ಕರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಬಂದರೂ ಕೆಲಸಕ್ಕೆ ಬರಲಿಲ್ಲ. ಗೆಳೆಯ ಅಣ್ಣನ ಕೈಯಿಂದ ನೆಗೆಟಿವ್ ತೆಗೆದುಕೊಂಡ.

"ಪ್ರಿಂಟ್ ತಂದ ತೋರಸ್ತೀನಿ ಭಾಯಿ" ಎಂದ. ನನ್ನ ಕಡೆ ತಿರುಗಿ, "ಎನ್‌ಲಾರ್ಜರ್ ಇನ್ನೂ ಐತಿಲ್ಲೋ? ನಡಿ. ಬಾಜೂಕ ನಿಂತ ಮಾಡಸ್ತೀನಿ" ಎಂದ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತ. ನೆಗೆಟಿವ್ ಅವನ ಕಿಸೆಯಲ್ಲಿತ್ತು, ಮೇಲೆ ಕೈ ಇತ್ತು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ನೆಗೆಟಿವ್ ತಾನೇ ಇಟ್ಟ, ತಾನೇ ತೆಗೆದ. ನನಗೆ ಬಿಟ್ಟದ್ದು ಕಾಗದ, ಔಷಧ. ಅಭ್ಯಾಸ ಬಲದಿಂದ ರಟ್ಟಿನ ಕಡೆ ಕೈ ಹೋಯಿತು. "ಅದನ್ನ ಹೊರಗ ಇಟ್ಟ ಬಾ" ಎಂದ. ಮೊದಲ ಪ್ರಿಂಟ್ ಕಪ್ಪಾಯಿತು ಎಂದ. ಎರಡನೆಯದು ಪೇಲವ ಎಂದ. ನನಗೆ ಚೆನ್ನಾಗಿಯೇ ಕಂಡಿತ್ತು, ಆದರೂ ಇನ್ನೊಂದು ಕಾಗದ ತೆಗೆದೆ. ಮೂರನೆಯದನ್ನು ತಟ್ಟೆಯಲ್ಲಿ ಬಿಟ್ಟಾಗ ಮೋಡ ಮೊದಲಿನ ಹಾಗೇ ಎದ್ದು ಬಂತು.

"ಹುಬ್ಬಳ್ಳಿಯವರು ಇದಾರೇನು ಈಗ?" ಎಂದು ಕೇಳಿದೆ.

"ನೌಕರಿ ಮುಗಿಸಿ ಹ್ವಾದ್ರು. ಆ ಜಾಗಾಕ್ಕ ಅವಾಗನ ಬ್ಯಾರೆಯವ್ರು ಬಂದ್ರು" ಎಂದ. ಒದ್ದೆ ಪ್ರಿಂಟನ್ನು ಒಣಗುವವರೆಗೂ ಹಿಡಿದುಕೊಂಡೇ ನಿಂತಿದ್ದ. ಚಹಾ ತರಿಸುತ್ತೇನೆಂದೆ. ಬೇಡ ಎಂದ.

ಆ ಚಿತ್ರ ಕಟ್ಟು ಹಾಕಿಸಿ ಬಳೆ ಅಂಗಡಿಯಲ್ಲಿ ಗಲ್ಲೆಯ ಮೇಲೆ ತೂಗುಹಾಕಿದ್ದರು. ಅಣ್ಣ ಬಂದ ಗಿರಾಕಿಗಳಿಗೆಲ್ಲ, "ಮೋಡ ಹಚ್ಚಿದ್ದಲ್ರೀ, ಇದ್ದದ್ದ. ನಮ್ಮ ತಮ್ಮ ತಗದಾನ" ಎಂದು ಹೇಳಿ ತಲೆ ತಿನ್ನುತ್ತಿದ್ದನಂತೆ. ಮೋಡದ ಸಾಹೇಬ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅದರ ಕಾರಣ ಮರೆತ ಜನ ಅದನ್ನೇ ಗೌರವದಿಂದ ಕರೆಯತೊಡಗಿದ್ದರು.

ಡಾರ್ಕ್‌ರೂಮನ್ನು ನಾನು ಇನ್ನೂ ಕೆಲವು ದಿನ ಇಟ್ಟುಕೊಂಡಿದ್ದೆ. ಅವನ ಹತ್ತಿರ ದೊಡ್ಡದು ಮಾಡಿಸಬೇಕಾದ ಹಳೆಯ ನೆಗೆಟಿವ್‌ಗಳು ಬೇಕಾದಷ್ಟಿದ್ದವು. ಎಲ್ಲಾದರೂ ಮದುವೆಯಲ್ಲಿ ಭೇಟಿಯಾದರೆ ಅವನು ಮಾತಾಡಿಸುತ್ತಿದ್ದ, ಮನೆಯವರನ್ನು ಕೇಳುತ್ತಿದ್ದ, ನನ್ನ ತಟ್ಟೆಗೂ ಬಡಿಸಲು ಹೇಳುತ್ತಿದ್ದ. ನೆಗೆಟಿವ್‌ಗಳನ್ನು ಮಾತ್ರ ಹುಬ್ಬಳ್ಳಿಗೇ ಒಯ್ಯುತ್ತಿದ್ದ.